ಷರಾ ಪುಸ್ತಕದಿಂದ ಶೇಕಡಾವಾರಿನವರೆಗೆ

ಮುಂಬಯಿ ಸರಕಾರದ ಕಾಲದಲ್ಲಿ ನಮ್ಮ ಕಡೆಯ ಕನ್ನಡ ಶಾಲೆಗಳಲ್ಲಿ ಒಂದು ದಪ್ಪ ರಟ್ಟಿನ ಪುಸ್ತಕವಿರುತ್ತಿತ್ತು. ಷರಾ ಪುಸ್ತಕ ಎಂದು ಅದರ ಹೆಸರು. ತಪಾಸಣೆಗೆ ಬಂದ ಸಾಹೇಬರು ಮಕ್ಕಳನ್ನು ಓದಿಸಿ, ಬರೆಸಿ, ಲೆಕ್ಕ ಹಾಕಿಸಿ, ಹೊರಡುವ ಮುನ್ನ ತಮ್ಮ ಅಭಿಪ್ರಾಯವನ್ನು ಅದರಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕುತ್ತಿದ್ದರು. ಮಾಸ್ತರರ ಬಡ್ತಿ, ಬದಲಿ, ಮರ್ಯಾದೆ ಎಲ್ಲ ಆ ನಾಲ್ಕು ಸಾಲಿನಲ್ಲಿ ಇರುತ್ತಿತ್ತು. ಇಂದು ಆ ನಾಲ್ಕು ಸಾಲಿನ ಜಾಗದಲ್ಲಿ ಒಂದು ಅಂಕಿ ಇದೆ. ಮೇ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಪತ್ರಿಕೆಗಳು ಜಿಲ್ಲೆಗಳನ್ನು ಒಂದರ ಕೆಳಗೊಂದು ಸಾಲಾಗಿ ನಿಲ್ಲಿಸುತ್ತವೆ. ಮರುದಿನದಿಂದ ತಾಲೂಕುಗಳು, ಆಮೇಲೆ ಶಾಲೆಗಳು. ಈ ಸಾಲು ಎಲ್ಲಿಂದ ಬಂತು, ಅದು ನಿಜಕ್ಕೂ ಏನನ್ನು ಅಳೆಯುತ್ತದೆ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡಿದ ಪ್ರಶ್ನೆ.

ನಾನಿರುವುದು ಕಾರವಾರ ತಾಲೂಕಿನ ಮಲ್ಲಾಪುರದಲ್ಲಿ. ಕೈಗಾ ಅಣು ವಿದ್ಯುತ್ ಸ್ಥಾವರದ ವಸತಿ ಬಡಾವಣೆ ಇರುವ ಊರೆಂದರೆ ಹೊರಗಿನವರಿಗೆ ಬೇಗ ಗೊತ್ತಾಗುತ್ತದೆ. ಇಲ್ಲಿ ಎರಡು ಬಗೆಯ ಶಾಲೆಗಳು ಅಕ್ಕಪಕ್ಕ ಇವೆ. ಒಂದು, ಮುಂಬಯಿಯಲ್ಲಿ ಕಚೇರಿಯಿರುವ ಅಣುಶಕ್ತಿ ಶಿಕ್ಷಣ ಸಂಸ್ಥೆ ನಡೆಸುವ ಕೇಂದ್ರೀಯ ಪಠ್ಯಕ್ರಮದ ಶಾಲೆ. ಅಲ್ಲಿನ ಹೆಚ್ಚಿನ ಮಕ್ಕಳ ಅಪ್ಪ ಅಮ್ಮಂದಿರು ಸ್ಥಾವರದ ಎಂಜಿನಿಯರುಗಳು, ತಂತ್ರಜ್ಞರು, ನೌಕರರು. ಇನ್ನೊಂದು, ಸುತ್ತಲ ಹಳ್ಳಿಗಳ ಸರಕಾರಿ ಕನ್ನಡ ಶಾಲೆಗಳು. ಮನೆಯಲ್ಲಿ ಕೊಂಕಣಿ ಆಡುವ, ಕಾಡಿನ ದಾರಿ ನಡೆದು ಬಸ್ಸು ಹಿಡಿಯುವ, ಮನೆಯಲ್ಲಿ ತಾನೇ ಮೊದಲು ಹೈಸ್ಕೂಲು ಮೆಟ್ಟಿಲು ಹತ್ತಿದ ಮಕ್ಕಳು ಇಲ್ಲಿದ್ದಾರೆ. ಕಾಳಿ ನದಿಗೆ ಅಣೆಕಟ್ಟು ಬಂದಾಗ ಎದ್ದು ಬಂದ ಮನೆಗಳ ಮೊಮ್ಮಕ್ಕಳೂ ಇದ್ದಾರೆ. ಎರಡೂ ಬಗೆಯ ಶಾಲೆಗಳ ಮುಂದೆ ನಿಂತು 'ಯಾವುದು ಒಳ್ಳೆಯದು?' ಎಂದು ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತಿದೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನನಗೆ ಮಾತ್ರ ಆ ಉತ್ತರ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ಕಥೆ ಹಿಂದಿನದು. 1854ರ ವುಡ್ಡನ ಆಜ್ಞಾಪತ್ರ, ಖಾಸಗಿಯವರು ನಡೆಸುವ ಶಾಲೆಗಳಿಗೂ ಸರಕಾರ ಅನುದಾನ ಕೊಡಬೇಕೆಂದು ಹೇಳಿತು. ದುಡ್ಡು ಕೊಡುವುದೆಂದ ಮೇಲೆ ಲೆಕ್ಕ ಕೇಳುವುದೂ ಬಂತು. ಲೆಕ್ಕ ಕೇಳುವ ಬಗೆಯನ್ನು ಇಂಗ್ಲೆಂಡು ತೋರಿಸಿಕೊಟ್ಟಿತು. 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ ಅಲ್ಲಿ ಒಂದು ನಿಯಮಾವಳಿ ತಂದ. ಒಂದು ಮಗುವಿನ ಲೆಕ್ಕದಲ್ಲಿ ಶಾಲೆ ವರ್ಷಕ್ಕೆ 12 ಶಿಲ್ಲಿಂಗ್ ಗಳಿಸಬಹುದು: ಹಾಜರಿಗೆ 4, ಪರೀಕ್ಷೆಗೆ 8. ಓದು, ಬರಹ, ಲೆಕ್ಕ, ಈ ಮೂರರಲ್ಲಿ ಮಗು ಯಾವುದರಲ್ಲಿ ತಪ್ಪಿದರೂ ತಲಾ 2 ಶಿಲ್ಲಿಂಗ್ 8 ಪೆನ್ಸು ಕಡಿತ. ಮೂರರಲ್ಲೂ ತಪ್ಪಿದರೆ 8 ಶಿಲ್ಲಿಂಗೂ ಹೋಯಿತು. ಈ ಪದ್ಧತಿ ಅಗ್ಗವಾಗದಿದ್ದರೆ ಪರಿಣಾಮಕಾರಿಯಾಗುತ್ತದೆ, ಪರಿಣಾಮಕಾರಿಯಾಗದಿದ್ದರೆ ಅಗ್ಗವಾಗುತ್ತದೆ ಎಂಬ ಅರ್ಥದ ಮಾತನ್ನು ಲೋ ಸಂಸತ್ತಿನಲ್ಲಿ ಹೇಳಿದ್ದ. ಖಜಾನೆಯವನ ಮಾತು ಅದು, ಮಾಸ್ತರರ ಮಾತಲ್ಲ.

ಅದೇ 1862ರಲ್ಲಿ ನಮ್ಮ ಜಿಲ್ಲೆಯ ಹಣೆಬರಹವೂ ಬದಲಾಯಿತು. ಅಲ್ಲಿಯವರೆಗೆ ಮದರಾಸು ಅಧಿಪತ್ಯದ ಕೆನರಾದಲ್ಲಿದ್ದ ಉತ್ತರ ಭಾಗವನ್ನು ಮುಂಬಯಿಗೆ ಸೇರಿಸಿದರು; ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಮದರಾಸಿನಲ್ಲೇ ಉಳಿಯಿತು. ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿ ಮಾತ್ರ ಎರಡೂ ಅಧಿಪತ್ಯಗಳಿಗೆ ಬಂತು. ಮದರಾಸಿನಲ್ಲಿ ಐಗಳ ಮಠಗಳು, ಮುಂಬಯಿ ಕಡೆ ಗಾವಟಿ ಶಾಲೆಗಳು; ಇವುಗಳನ್ನು ಸರಕಾರದ ಬಳಿಗೆ ತರಲು ಹಿಡಿದ ಸುಲಭದ ದಾರಿ ಎಂದರೆ ಪಾಸಾದ ಮಗುವಿನ ತಲೆಗೆ ಇಷ್ಟು ಎಂದು ಎಣಿಸಿ ಕೊಡುವುದು. ಇಯತ್ತೆ ಮೇಲಾದಂತೆ ದರವೂ ಮೇಲೆ.

ಈ ಎಣಿಕೆ ಮಾಡಲು ಹಳ್ಳಿ ಹಳ್ಳಿ ಅಲೆದವರು ಡೆಪ್ಯುಟಿ ಇನ್‌ಸ್ಪೆಕ್ಟರುಗಳು. ಜನರ ಬಾಯಲ್ಲಿ ದಿಪೋಟಿ ಸಾಹೇಬರು. ಕನ್ನಡ ಸಾಹಿತ್ಯದ ಓದುಗರಿಗೆ ಈ ಪದ ಹೊಸದಲ್ಲ. ಡೆಪ್ಯುಟಿ ಚನ್ನಬಸಪ್ಪನವರ ಹೆಸರಿಗೆ ಅಂಟಿಕೊಂಡಿರುವುದು ಇದೇ ಹುದ್ದೆ. ಧಾರವಾಡ ಸೀಮೆಯಲ್ಲಿ ಮರಾಠಿಯ ಅಬ್ಬರದ ನಡುವೆ ಕನ್ನಡ ಶಾಲೆಗಳನ್ನು ನಿಲ್ಲಿಸಿದವರು, ಷೇಕ್ಸ್‌ಪಿಯರನ ಹಾಸ್ಯ ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದವರು. ಹಾಗಾಗಿ ತಪಾಸಣೆಯ ಸಾಹೇಬನೆಂದರೆ ಬರೀ ಹುಳುಕು ಹುಡುಕುವವನೆಂದು ನಾನು ಬರೆಯಲಾರೆ. ಒಳ್ಳೆಯ ದಿಪೋಟಿ ಬಂದು ಹೋದ ಶಾಲೆಗೆ ಮಾಡು ಬರುತ್ತಿತ್ತು, ಪುಸ್ತಕ ಬರುತ್ತಿತ್ತು. ಅವನು ಮಗುವಿನ ಎದುರು ಕೂತು ಕೇಳುತ್ತಿದ್ದ. ಮಾಸ್ತರರು ಪಾಠ ಹೇಳುವುದನ್ನು ನೋಡುತ್ತಿದ್ದ. ಕಣ್ಣಿದ್ದವನ ಷರಾದಲ್ಲಿ ಊರಿನ ಸ್ಥಿತಿಯೂ ಇರುತ್ತಿತ್ತು. ಪಕ್ಷಪಾತವೂ ಇರುತ್ತಿತ್ತು, ಅದು ಬೇರೆ ಮಾತು. ಊಟ ಚೆನ್ನಾಗಿ ಬಡಿಸಿದ ಶಾಲೆಗೆ ಷರಾ ಚೆನ್ನಾಗಿ ಬೀಳುತ್ತದೆ ಎಂಬ ನಗೆಮಾತು ಹಳಬರಲ್ಲಿ ಈಗಲೂ ಇದೆ.

ದುಡ್ಡನ್ನು ಪಾಸಿಗೆ ಕಟ್ಟಿದ ಮೇಲೆ ಏನಾಯಿತು ಎಂಬುದು ಇಂಗ್ಲೆಂಡಿನ ದಾಖಲೆಗಳಲ್ಲಿ ಚೆನ್ನಾಗಿ ಸಿಗುತ್ತದೆ. ಅಲ್ಲಿ ಕವಿ ಮ್ಯಾಥ್ಯೂ ಆರ್ನಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರನಾಗಿದ್ದ, 35 ವರ್ಷ. ಪಾಠ ಯಂತ್ರದಂತಾಗಿದೆ, ಶಾಲೆಯ ಜೀವ ಹೋಗಿದೆ ಎಂದು ಅವನು ತನ್ನ ವರದಿಗಳಲ್ಲಿ ಮತ್ತೆ ಮತ್ತೆ ಬರೆದ. ಮಕ್ಕಳು ವಾಚನ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು, ಪುಸ್ತಕ ತಲೆಕೆಳಗಾಗಿ ಹಿಡಿದರೂ ತಡವರಿಸದೆ ಓದುತ್ತಿದ್ದರೆಂಬ ಮಾತು ಆ ಕಾಲದ ನೆನಪುಗಳಲ್ಲಿ ಬರುತ್ತದೆ. ಓದು, ಬರಹ, ಲೆಕ್ಕಕ್ಕೆ ಮಾತ್ರ ಕಾಸು ಬರುವಾಗ ಭೂಗೋಳ, ಚರಿತ್ರೆ ಹಿಂದೆ ಬಿದ್ದವು. ಹೇಗೂ ಪಾಸಾಗುವ ಮಗುವಿನ ಮೇಲೆ ಹೊತ್ತು ಕಳೆಯುವುದು ದಂಡ, ಹೇಗೂ ಆಗದ ಮಗುವಿನ ಮೇಲೂ ದಂಡ. ಅಂಚಿನಲ್ಲಿರುವ ಮಗುವಿಗೇ ಎಲ್ಲ ದುಡಿಮೆ. ಮಾಸ್ತರ ಕೆಟ್ಟವನಾಗಿದ್ದ ಎಂದಲ್ಲ. ಅವನ ಸಂಬಳವನ್ನೇ ಅಲ್ಲಿಗೆ ಕಟ್ಟಿದ್ದರು.

1882ರಲ್ಲಿ ಹಂಟರ್ ಆಯೋಗ ಕೂತಾಗ ಈ ಪದ್ಧತಿಯ ಚರ್ಚೆ ನಡೆಯಿತು. ಕಾಲೇಜುಗಳಿಗೆ ಇದು ಬೇಡ, ಪ್ರಾಥಮಿಕ ಶಾಲೆಗಳಿಗೆ ಇರಲಿ ಎಂಬ ಕಡೆಗೆ ಆಯೋಗ ವಾಲಿತು. ಬಡವರ ಶಾಲೆಗೆ ತಕ್ಕಡಿ, ಉಳ್ಳವರ ಕಾಲೇಜಿಗೆ ನಂಬಿಕೆ. ಕೊನೆಗೆ 1904ರಲ್ಲಿ ಕರ್ಜನ್ ಕಾಲದ ಶಿಕ್ಷಣ ನೀತಿಯ ಠರಾವು ಅದನ್ನು ಕೈಬಿಡಬೇಕೆಂದು ಹೇಳಿತು. ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲೇ, 1890ರ ದಶಕದಲ್ಲಿ, ಅದು ಮುಗಿದಿತ್ತು. ಹುಟ್ಟಿದಲ್ಲಿ ಸತ್ತ ಮೇಲೂ ಇಲ್ಲಿ ಕೆಲವು ವರ್ಷ ಬದುಕುವುದು ನಮ್ಮ ಕಾನೂನುಗಳ ಹಳೆಯ ರೂಢಿ.

ಆಮೇಲೆ ಬಂದದ್ದು ಬೇರೆ ಅಳತೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನು ಮಾಸ್ತರನಾಗಬಹುದು, ಕಾರಕೂನನಾಗಬಹುದು. ಮುಲ್ಕಿಯಲ್ಲಿ ಎಷ್ಟು ಹುಡುಗರನ್ನು ದಾಟಿಸಿದ ಎಂಬುದರ ಮೇಲೆ ಹೆಡ್ ಮಾಸ್ತರರ ಹೆಸರು ನಿಲ್ಲುತ್ತಿತ್ತು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯಿದೆಯ ನಂತರ ಶಾಲೆಗಳು ಸ್ಕೂಲ್ ಬೋರ್ಡುಗಳ ಕೈಗೆ ಬಂದವು. 1956ರ ನವೆಂಬರ್ 1ರವರೆಗೆ ಕಾರವಾರ, ಅಂಕೋಲೆಗಳು ಮುಂಬಯಿಯ ಪರೀಕ್ಷೆ, ಮುಂಬಯಿಯ ಕಾಯಿದೆಗಳಲ್ಲೇ ಇದ್ದವು.

ಇಲ್ಲಿ ದಿನಕರ ದೇಸಾಯಿಯವರ ಹೆಸರು ಬರಲೇಬೇಕು. ಚುಟುಕಗಳ ದೇಸಾಯಿಯವರು ನಾಡಿಗೆಲ್ಲ ಗೊತ್ತು. ನಮ್ಮ ಜಿಲ್ಲೆಗೆ ಅವರು ಹೈಸ್ಕೂಲುಗಳ ದೇಸಾಯಿಯವರೂ ಹೌದು. ಅಂಕೋಲೆ ತಾಲೂಕಿನ ಅಲಗೇರಿಯವರು, ಗೋಖಲೆಯವರ ಭಾರತ ಸೇವಕ ಸಮಾಜದ ಸದಸ್ಯರು. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್, ಹೈಸ್ಕೂಲೇ ಇಲ್ಲದ ಊರುಗಳಲ್ಲಿ ಜನತಾ ವಿದ್ಯಾಲಯಗಳನ್ನು ತೆರೆಯಿತು. ಗದ್ದೆಯ ಕೆಲಸಕ್ಕೆ ಹೋಗಬೇಕಾಗಿದ್ದ, ಬಲೆ ಹೆಣೆಯಬೇಕಾಗಿದ್ದ ಮನೆಗಳ ಮಕ್ಕಳು ಅಲ್ಲಿ ಕೂತರು. ಶೇಕಡಾವಾರು ಪಟ್ಟಿಯ ಗಣಿತವನ್ನು ಈ ಕೆಲಸಕ್ಕೆ ಹಚ್ಚಿ ನೋಡಿ. ಒಂದು ತಾಲೂಕಿನಲ್ಲಿ ಪೇಟೆಯ 50 ಮಕ್ಕಳಷ್ಟೇ ಪರೀಕ್ಷೆಗೆ ಕೂತು 40 ಮಂದಿ ಪಾಸಾದರೆ ಶೇ. 80. ಹಳ್ಳಿಯಲ್ಲಿ ಹೊಸ ಹೈಸ್ಕೂಲು ಬಂದು ಇನ್ನೂ 50 ಮಕ್ಕಳು ಕೂತು, ಅವರಲ್ಲಿ 25 ಮಂದಿ ಪಾಸಾದರು ಎಂದುಕೊಳ್ಳಿ. ತಾಲೂಕಿನ ಫಲಿತಾಂಶ ಶೇ. 65ಕ್ಕೆ ಇಳಿಯಿತು. ನಲವತ್ತರ ಜಾಗದಲ್ಲಿ ಅರವತ್ತೈದು ಮಕ್ಕಳು ಮೆಟ್ರಿಕ್ ದಾಟಿದ್ದಾರೆ. ಪಟ್ಟಿಯಲ್ಲಿ ಮಾತ್ರ ತಾಲೂಕು ಕೆಳಗೆ ಜಾರಿದೆ. ಈ ಅಂಕಿಗಳು ನಾನು ಉದಾಹರಣೆಗೆ ಕಟ್ಟಿಕೊಂಡವು, ಆದರೆ ಗಣಿತ ಹೀಗೆಯೇ ನಡೆಯುತ್ತದೆ. ಶಾಲೆ ತೆರೆದವನಿಗೆ ಶಿಕ್ಷೆ, ಬಾಗಿಲು ಮುಚ್ಚಿಕೊಂಡವನಿಗೆ ಬಹುಮಾನ.

ಕರ್ನಾಟಕದಲ್ಲಿ ಶಾಲೆಗಳನ್ನೇ ಘಟಕವಾಗಿ ಹಿಡಿದು ಅಳೆಯುವ ಹೊಸ ಯುಗ ಈ ಶತಮಾನದ ಆರಂಭದ್ದು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸರಕಾರದ ಜೊತೆ 'ಕಲಿಕಾ ಖಾತರಿ' ಎಂಬ ಕಾರ್ಯಕ್ರಮ ನಡೆಸಿತು. ಶಾಲೆಗಳು ತಾವಾಗಿ ಮುಂದೆ ಬಂದು ಪರೀಕ್ಷಿಸಿಕೊಳ್ಳಬೇಕು. ದಾಖಲಾತಿ, ಹಾಜರಿ, ಕಲಿಕೆ ಮೂರರಲ್ಲೂ ಗೆದ್ದ ಶಾಲೆಗೆ ನಗದು ಬಹುಮಾನ. ಲೋನ ಶಿಲ್ಲಿಂಗಿಗೂ ಇದಕ್ಕೂ ವ್ಯತ್ಯಾಸ ಉಂಟು. ಇಲ್ಲಿ ಸೋತವರ ದುಡ್ಡು ಕಿತ್ತುಕೊಳ್ಳುತ್ತಿರಲಿಲ್ಲ, ಸೇರುವುದೂ ಬಿಡುವುದೂ ಶಾಲೆಯ ಇಚ್ಛೆ. 2005-06ರಲ್ಲಿ ಸರಕಾರವೇ ಕರ್ನಾಟಕ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆಯನ್ನು ಹುಟ್ಟುಹಾಕಿ ರಾಜ್ಯದುದ್ದಕ್ಕೂ ಲಕ್ಷಗಟ್ಟಲೆ ಮಕ್ಕಳನ್ನು ಪರೀಕ್ಷಿಸಲು ಹೊರಟಿತು. ಇದರ ಜೊತೆಗೆ ಕೇಂದ್ರದ ಅಳತೆಗಳೂ ಬಂದವು. ಜಿಲ್ಲೆಗಳ ಸಾಧನೆ ಸೂಚ್ಯಂಕ ಎಂದು ಈಗ ಒಂದಿದೆ: 83 ಸೂಚಕಗಳು, 600 ಅಂಕ, ಹತ್ತು ದರ್ಜೆ. ಮೇಲಿನ ದರ್ಜೆಗೆ 'ದಕ್ಷ', ಆಮೇಲೆ 'ಉತ್ಕರ್ಷ', 'ಅತಿ ಉತ್ತಮ', 'ಉತ್ತಮ'. ಕೆಳಗಿನವಕ್ಕೆ 'ಪ್ರಚೇಷ್ಟಾ', 'ಆಕಾಂಕ್ಷಿ'. ಫೇಲು ಎನ್ನಲು ನಾಚಿಕೊಂಡು ಸಂಸ್ಕೃತದ ಮೊರೆ ಹೋಗಿದ್ದಾರೆ. ಕೆಳಗಿನ ದರ್ಜೆಯವನನ್ನು ಆಕಾಂಕ್ಷಿ ಎಂದು ಕರೆಯುವುದರಲ್ಲಿ ಒಂದು ಸೌಜನ್ಯ ಇದೆ, ಒಪ್ಪುತ್ತೇನೆ.

ಜನರ ಮನಸ್ಸಿನಲ್ಲಿರುವ ಪಟ್ಟಿ ಮಾತ್ರ ಎಸ್.ಎಸ್.ಎಲ್.ಸಿ.ಯದೇ. ಅದರಲ್ಲಿ ಕಂದಾಯ ಜಿಲ್ಲೆಗಳಲ್ಲ, ಶೈಕ್ಷಣಿಕ ಜಿಲ್ಲೆಗಳಿರುತ್ತವೆ. ಹಾಗಾಗಿ 'ಉತ್ತರ ಕನ್ನಡ' ಒಂದು ಸಾಲು, 'ಶಿರಸಿ' ಇನ್ನೊಂದು ಸಾಲು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ ಮೊದಲನೆಯದರಲ್ಲಿ. ಘಟ್ಟದ ಮೇಲಿನ ತಾಲೂಕುಗಳು ಎರಡನೆಯದರಲ್ಲಿ. ಎರಡೂ ಸಾಮಾನ್ಯವಾಗಿ ಪಟ್ಟಿಯ ಮೇಲ್ಭಾಗದಲ್ಲೇ ಇರುತ್ತವೆ ಎಂಬುದು ನಮ್ಮ ಹೆಮ್ಮೆ.

ಆದರೆ ಕಳೆದ ಕೆಲವು ವರ್ಷಗಳ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹೆಮ್ಮೆ ಪಡಬೇಕೋ ಬೇಡವೋ ಎಂಬುದೇ ತಿಳಿಯದಾಗುತ್ತದೆ. 2021ರಲ್ಲಿ ಕೋವಿಡ್ ಕಾರಣಕ್ಕೆ ಸರಳ ಪರೀಕ್ಷೆ ನಡೆದು, ರಾಜ್ಯದಲ್ಲಿ ಅನುತ್ತೀರ್ಣವಾದದ್ದು ಒಂದೇ ಒಂದು ಮಗು. ಅದೂ ಅದರ ಹೆಸರಿನಲ್ಲಿ ಬೇರೆಯವರು ಬರೆದದ್ದಕ್ಕೆ. 2023ರಲ್ಲಿ ಫಲಿತಾಂಶ ಶೇ. 83.89, ಚಿತ್ರದುರ್ಗ ರಾಜ್ಯಕ್ಕೆ ಮೊದಲು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ತಂದರು. ಫಲಿತಾಂಶ ಎಷ್ಟು ಕುಸಿಯಿತೆಂದರೆ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ನಿಂತದ್ದು ಶೇ. 73.40ಕ್ಕೆ. ಚಿತ್ರದುರ್ಗ ಇಪ್ಪತ್ತರ ಆಸುಪಾಸಿಗೆ ಇಳಿಯಿತು, ಉಡುಪಿ ಮೊದಲಾಯಿತು. ಮರುವರ್ಷ ಆ ಹೆಚ್ಚುವರಿ ಕೃಪಾಂಕವನ್ನು ತೆಗೆದರು; 2025ರಲ್ಲಿ ದಕ್ಷಿಣ ಕನ್ನಡ ಶೇ. 91.12, ಕಲಬುರಗಿ ಶೇ. 42.43. ಒಂದು ವರ್ಷದೊಳಗೆ ಒಂದು ಜಿಲ್ಲೆಯ ಮಾಸ್ತರರೆಲ್ಲ ಪಾಠ ಮರೆತರೇ? ಇಲ್ಲ. ಬದಲಾದದ್ದು ತಕ್ಕಡಿ. ಕಲಿಕೆಯ ಜೊತೆಗೆ ಕೊಠಡಿಯ ಶಿಸ್ತನ್ನೂ, ಕೃಪಾಂಕದ ಕೈಯನ್ನೂ ಅದೇ ಒಂದು ಅಂಕಿ ಹೊತ್ತುಕೊಂಡು ಬರುತ್ತಿತ್ತು. ನಾವು ಅದನ್ನೆಲ್ಲ ಕಲಿಕೆ ಎಂದು ಓದುತ್ತಿದ್ದೆವು.

ಪಟ್ಟಿಯ ಒತ್ತಡ ತರಗತಿಯೊಳಗೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಒಂದು ಪದ ಸಾಕು: 'ಪಾಸಿಂಗ್ ಪ್ಯಾಕೇಜ್'. ಪಾಸಾಗಲು ಬೇಕಾಗುವಷ್ಟನ್ನೇ, ಖಂಡಿತ ಬರುವ ಪ್ರಶ್ನೆಗಳನ್ನೇ, ಕೆಲವೇ ಪುಟಗಳಲ್ಲಿ ಕಟ್ಟಿ ಹಿಂದುಳಿದ ಮಕ್ಕಳ ಕೈಗೆ ಕೊಡುವುದು. ಡಿಸೆಂಬರಿನ ನಂತರ ಹೈಸ್ಕೂಲುಗಳಲ್ಲಿ ಇದೇ ಪಾರಾಯಣ. ನನಗೆ ಪರಿಚಯದ ಅಕ್ಕೋರೊಬ್ಬರನ್ನು, 'ಇದರಿಂದ ಮಕ್ಕಳು ಗಣಿತ ಕಲಿಯುತ್ತಾರಾ ಅಕ್ಕೋರೇ?' ಎಂದು ಕೇಳಿದೆ. 'ಗಣಿತ ಕಲಿಯೂದಿಲ್ಲ ಅಂತ ನಮಗೂ ಗೊತ್ತುಂಟು. ಆದ್ರೆ ಪಾಸಾಗದೇ ಇದ್ರೆ ಈ ಹುಡುಗಿ ನಾಳಿಂದ ಸಿಗಡಿ ಸುಲಿಲಿಕ್ಕೆ ಹೋಗ್ತದೆ. ಪಾಸಾದ್ರೆ ಇನ್ನೆರಡು ವರ್ಷ ಓದ್ತದೆ. ನೀವೇ ಹೇಳಿ, ಏನ್ ಮಾಡೂದು?' ಎಂದರು. ಪ್ಯಾಕೇಜನ್ನು ಲೇವಡಿ ಮಾಡುವ ಲೇಖನ ಬರೆಯಬೇಕೆಂದಿದ್ದ ನನ್ನ ಬಾಯಿ ಅಲ್ಲಿಗೆ ಕಟ್ಟಿತು. ಲೋನ ಕಾಲದ ಅಂಚಿನ ಮಗುವೇ ಇವತ್ತಿನ ಪ್ಯಾಕೇಜಿನ ಮಗು. ಆ ಮಗುವಿಗೆ ಅದರಿಂದ ಉಪಕಾರವೂ ಆಗಿದೆ. ಅನ್ಯಾಯ ಆಗಿರುವುದು ಅದನ್ನು ಎಂಟನೆಯ ತರಗತಿಯವರೆಗೆ ಭಾಗಾಕಾರ ಬಾರದೆ ಕರೆದುಕೊಂಡು ಬಂದದ್ದರಲ್ಲಿ. ಆ ಲೆಕ್ಕವನ್ನು ಮೇ ತಿಂಗಳ ಪಟ್ಟಿ ಕೇಳುವುದಿಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕಿದೆ: ಸಣ್ಣ ಶಾಲೆಗಳು. ಕಾಡು, ಹೊಳೆ, ಚದುರಿದ ಮನೆಗಳು. ಒಂದು ತರಗತಿಯಲ್ಲಿ ಏಳೆಂಟು ಮಕ್ಕಳಿದ್ದರೆ ಹೆಚ್ಚು. ಎಂಟು ಮಕ್ಕಳ ತರಗತಿಯಲ್ಲಿ ಒಬ್ಬ ಫೇಲಾದರೆ ಶೇ. 87.5, ಇಬ್ಬರಾದರೆ ಶೇ. 75. ಪರೀಕ್ಷೆಯ ವಾರ ಒಬ್ಬನಿಗೆ ಜ್ವರ ಬಂದರೆ ಶಾಲೆಯ ದರ್ಜೆಯೇ ಬದಲಾಗುತ್ತದೆ. ನೂರೈವತ್ತು ಮಕ್ಕಳ ಶಾಲೆಯಲ್ಲಿ ಅದೇ ಜ್ವರ ದಶಾಂಶ ಬಿಂದುವಿನ ಆಚೆ ಎಲ್ಲೋ ಕಾಣಿಸೀತು. ಹೀಗಾಗಿ ಯಾವ ಪಟ್ಟಿಯಲ್ಲೂ ತುತ್ತತುದಿಯಲ್ಲಿ ಸಣ್ಣ ಶಾಲೆಗಳಿರುತ್ತವೆ, ತಳದಲ್ಲೂ ಸಣ್ಣ ಶಾಲೆಗಳೇ ಇರುತ್ತವೆ. ನೂರಕ್ಕೆ ನೂರು ಬಂದ ವರ್ಷ ಸನ್ಮಾನ, ಮರುವರ್ಷ ನೋಟೀಸು. ತಳದಲ್ಲಿರುವ ಅನುದಾನಿತ ಶಾಲೆಗೆ ಅನುದಾನ ತಡೆಯುವ ಎಚ್ಚರಿಕೆಯೂ ಆಗಾಗ ಸುದ್ದಿಯಾಗುತ್ತದೆ. 1904ರಲ್ಲಿ ಬಾಗಿಲಿನಿಂದ ಕಳಿಸಿದ್ದು ಕಿಟಕಿಯಲ್ಲಿ ಇಣುಕುತ್ತಿದೆ.

ಇನ್ನು ಐದು, ಎಂಟು, ಒಂಬತ್ತನೆಯ ತರಗತಿಗಳ ಬೋರ್ಡ್ ಪರೀಕ್ಷೆಯ ಪ್ರಕರಣ. ಎಸ್.ಎಸ್.ಎಲ್.ಸಿ. ಮಂಡಳಿಯನ್ನೇ ವಿಸ್ತರಿಸಿ 2022ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಮಾಡಿದರು. ಮಾರ್ಚ್ 2023ರಲ್ಲಿ ಐದು, ಎಂಟಕ್ಕೆ ಪರೀಕ್ಷೆ ನಡೆಯಿತು. ಮರುವರ್ಷ ಒಂಬತ್ತು, ಹನ್ನೊಂದೂ ಸೇರಿದವು. 2024ರ ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ಮರುದಿನ ವಿಭಾಗೀಯ ಪೀಠ ತಡೆ ಕೊಟ್ಟಿತು, 11ಕ್ಕೆ ಪರೀಕ್ಷೆ ಶುರುವಾಯಿತು, 12ಕ್ಕೆ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು. ಹತ್ತು ವರ್ಷದ ಮಕ್ಕಳು ಅರ್ಧ ವಿಷಯಗಳನ್ನು ಬರೆದು ಮನೆಯಲ್ಲಿ ಕೂತರು. 22ಕ್ಕೆ ಮತ್ತೆ ಅನುಮತಿ, ತಿಂಗಳ ಕೊನೆಗೆ ಉಳಿದ ಪರೀಕ್ಷೆ, ಏಪ್ರಿಲ್ 8ಕ್ಕೆ ಫಲಿತಾಂಶಕ್ಕೆ ಸುಪ್ರೀಂ ಕೋರ್ಟಿನ ತಡೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಇರಕೂಡದೆಂದು ಶಿಕ್ಷಣ ಹಕ್ಕು ಕಾಯಿದೆಯ 30ನೆಯ ಕಲಮಿನಲ್ಲಿದೆ. ಸರಕಾರದ ಕಡೆಯ ಮಾತು, ಯಾರನ್ನೂ ಫೇಲು ಮಾಡುವುದಿಲ್ಲ, ಕಲಿಕೆ ಎಲ್ಲಿದೆ ಎಂದು ತಿಳಿಯಲು ಮಾತ್ರ ಎಂಬುದು. ತಿಳಿಯುವ ಆಸೆ ತಪ್ಪಲ್ಲ. ಆದರೆ ರಾಜ್ಯದ ಸ್ಥಿತಿ ತಿಳಿಯಲು ಎಲ್ಲ ಮಕ್ಕಳನ್ನೂ ಕೂರಿಸಬೇಕಿಲ್ಲ. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ರಾಷ್ಟ್ರೀಯ ಸಾಧನಾ ಸಮೀಕ್ಷೆ ಮಾಡುವುದು ಇದನ್ನೇ. ಪ್ರತಿ ಅಗುಳನ್ನೂ ಹಿಸುಕಲು ಹೊರಟರೆ ಅದು ಪ್ರತಿ ಶಾಲೆಗೂ ಪ್ರತಿ ಮಗುವಿಗೂ ಅಂಕಿ ಅಂಟಿಸುವ ಕೆಲಸವಾಗುತ್ತದೆ, ಯಾವ ಹೆಸರಿಟ್ಟು ಕರೆದರೂ.

ಅಮೆರಿಕದವರು ಈ ದಾರಿಯಲ್ಲಿ ನಮಗಿಂತ ಬಹಳ ದೂರ ಹೋಗಿದ್ದಾರೆ. ಫ್ಲಾರಿಡಾ ರಾಜ್ಯ 1999ರಿಂದ ಪ್ರತಿ ಸರಕಾರಿ ಶಾಲೆಗೆ ಎ ಇಂದ ಎಫ್ ತನಕ ಅಕ್ಷರದ ದರ್ಜೆ ಕೊಡುತ್ತಿದೆ. 2002ರ ಕೇಂದ್ರ ಕಾಯಿದೆಯಂತೂ 2014ರೊಳಗೆ ದೇಶದ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕೆಂದು ಬರೆದಿತ್ತು. ಮುಟ್ಟಲಿಲ್ಲ, 2015ರಲ್ಲಿ ಕಾಯಿದೆಯನ್ನೇ ಬದಲಿಸಿದರು. ಆದರೆ ಅವರಿಂದ ಒಂದನ್ನು ಕಲಿಯಬಹುದು. ಮಗು ಎಲ್ಲಿ ನಿಂತಿದೆ ಎಂಬುದರ ಜೊತೆಗೆ ಎಲ್ಲಿಂದ ನಡೆದು ಬಂತು ಎಂಬುದನ್ನೂ ಅನೇಕ ರಾಜ್ಯಗಳು ಶಾಲೆಯ ದರ್ಜೆಯಲ್ಲಿ ಸೇರಿಸಿದವು. ಈ ಲೆಕ್ಕವನ್ನು ಟೆನ್ನೆಸ್ಸೀ ರಾಜ್ಯದಲ್ಲಿ ಮೊದಲು ಗಟ್ಟಿಯಾಗಿ ಕಟ್ಟಿದ ವಿಲಿಯಂ ಸ್ಯಾಂಡರ್ಸ್ ಕೃಷಿ ವಿಭಾಗದಲ್ಲಿ ಕೆಲಸ ಮಾಡಿದ ಸಂಖ್ಯಾಶಾಸ್ತ್ರಜ್ಞ. ಬೇರೆ ಬೇರೆ ಮಣ್ಣಿನಲ್ಲಿ ಬೆಳೆದ ಫಸಲನ್ನು ಹೋಲಿಸುವಾಗ ಮಣ್ಣಿನ ಗುಣವನ್ನು ಕಳೆಯಬೇಕೆಂಬುದು ಅಂಥವರಿಗೆ ಹೇಳಿಕೊಡಬೇಕಾದ ಮಾತಲ್ಲ. ಅದಕ್ಕೂ ಅದರ ದೋಷಗಳಿವೆ. ಸಣ್ಣ ಶಾಲೆಯ ಜ್ವರದ ಸಮಸ್ಯೆ ಅಲ್ಲೂ ತಪ್ಪುವುದಿಲ್ಲ. ಅಂಥ ಅಂಕಿಯನ್ನು ಒಬ್ಬೊಬ್ಬ ಶಿಕ್ಷಕರ ಕುತ್ತಿಗೆಗೆ ಕಟ್ಟಲು ಹೋದಲ್ಲಿ ಜಗಳಗಳೂ ಆಗಿವೆ.

ಮಲ್ಲಾಪುರದ ಎರಡು ಬಗೆಯ ಶಾಲೆಗಳಿಗೆ ಈ ಕಣ್ಣು ಹಾಕಿ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಎಂಜಿನಿಯರರ ಮಗಳು ಮನೆಯಿಂದಲೇ ಅರ್ಧ ದಾರಿ ಬಂದಿರುತ್ತಾಳೆ, ಅವಳನ್ನು ಶೇ. 90ಕ್ಕೆ ತಲುಪಿಸಿದ ಶಿಕ್ಷಕರ ಶ್ರಮ ಸಣ್ಣದೆಂದು ನಾನು ಹೇಳುವುದಿಲ್ಲ. ಕೊಂಕಣಿ ಮಾತ್ರ ಗೊತ್ತಿದ್ದು ಬಂದು, ಕನ್ನಡವನ್ನು ಶಾಲೆಯಲ್ಲೇ ಕಲಿತು, ಶೇ. 52 ತೆಗೆದುಕೊಂಡ ಹುಡುಗ ನಡೆದ ದೂರ ಎಷ್ಟು? ಇಬ್ಬರೂ ಬರೆಯುವುದು ಬೇರೆ ಬೇರೆ ಮಂಡಳಿಯ ಪರೀಕ್ಷೆ. ಅವರನ್ನು ಒಂದೇ ಪಟ್ಟಿಯಲ್ಲಿ ಹಾಕುವವರಿಲ್ಲ. ಆದರೆ ಪಾಲಕರ ಮನಸ್ಸಿನಲ್ಲಿ ಆ ಪಟ್ಟಿ ಇದ್ದೇ ಇದೆ. ಕನ್ನಡ ಶಾಲೆಯ ಒಂದನೆಯ ತರಗತಿಯ ಹಾಜರಿ ಪುಸ್ತಕ ಪ್ರತಿ ಜೂನ್‌ನಲ್ಲಿ ತೆಳ್ಳಗಾಗುವುದಕ್ಕೆ ಆ ಪಟ್ಟಿಯೂ ಒಂದು ಕಾರಣ.

ತಮಾಷೆ ಎಂದರೆ, ನಡೆದ ದೂರ ಅಳೆಯಲು ಬೇಕಾದ ಸಾಮಾನು ನಮ್ಮ ಶಾಲೆಗಳಲ್ಲಿ ಆಗಲೇ ಇದೆ. ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಸೇತುಬಂಧ ಎಂದು ನಡೆಯುತ್ತದೆ. ಹಿಂದಿನ ತರಗತಿಯದು ಮಗುವಿಗೆ ಎಷ್ಟು ಬರುತ್ತದೆ ಎಂದು ಪೂರ್ವ ಪರೀಕ್ಷೆ, ಕೆಲವು ವಾರ ಪಾಠ, ಆಮೇಲೆ ಸಾಫಲ್ಯ ಪರೀಕ್ಷೆ. ಅಂಕ ಹಾಕುವುದು ಮಗುವನ್ನು ಬಲ್ಲ ಅಕ್ಕೋರೇ. ಪ್ರತಿ ಮಗುವಿಗೂ ಸ್ಯಾಟ್ಸ್ ತಂತ್ರಾಂಶದಲ್ಲಿ ಒಂದು ಸಂಖ್ಯೆ ಇದೆ. ಶಾಲೆ ಬದಲಿಸಿದರೂ ಅದು ಬೆನ್ನಿಗೆ ಬರುತ್ತದೆ. ಎಂಟನೆಯ ತರಗತಿಗೆ ಕಾಲಿಟ್ಟಾಗ ಈ ಮಗುವಿಗೆ ಏನು ಬರುತ್ತಿತ್ತು, ಹತ್ತು ಮುಗಿಸುವಾಗ ಏನು ಬಂತು ಎಂದು ಎರಡನ್ನೂ ಪಕ್ಕ ಪಕ್ಕ ಇಡಬಹುದು. ನಾನು ನೋಡಿದ ಶಾಲೆಗಳಲ್ಲಿ ಸೇತುಬಂಧದ ಕಡತಗಳು ಹೆಡ್ ಮಾಸ್ತರರ ಕೋಣೆಯ ಕಪಾಟಿನಲ್ಲಿ, ಬಿಸಿಯೂಟದ ಅಕ್ಕಿಯ ಲೆಕ್ಕದ ಪುಸ್ತಕಗಳ ಪಕ್ಕ, ವರ್ಷವಾರು ದಾರ ಕಟ್ಟಿ ಜೋಡಿಸಿಟ್ಟಿವೆ. ಮೇ ತಿಂಗಳ ಪಟ್ಟಿಗೆ ಅವುಗಳಿಂದ ಒಂದು ಅಂಕಿಯೂ ಹೋಗುವುದಿಲ್ಲ.